ಖಾಲಿ ಕತ್ತರಿ

ಇಂಜಿನಿಯರು ಮತ್ತೊಮ್ಮೆ ಫ್ರಿಜ್ಜಿನ ಪ್ಲಗ್ಗು ಕಿತ್ತಾಗ ಹೆಂಡತಿಗೆ ತಡೆಯಲಾಗಲಿಲ್ಲ. "ಹಾಲು ಒಡೆದ್ರೆ ನಿಮ್ಮ ಆಸ್ಪತ್ರೆಯವ್ರು ತಂದ್ಕೊಡ್ತಾರೇನಪ್ಪಾ?" ಎಂದಳು. "ಇದೊಂದು ಸಲ ಅಮ್ಮಾ, ಕರೆಂಟಿನ ಗಲಾಟೆ ಏನಾದ್ರೂ ಮೆಷಿನ್ನಿಗೆ ಸೇರ್ಕೊಳ್ತಿದೆಯಾ ನೋಡ್ಬಿಡ್ತೀನಿ," ಎಂದು ನೆಲದ ಮೇಲೆ ಮಂಡಿಯೂರಿದ್ದ ಆತ ತಲೆಯೆತ್ತಿದ. ಎತ್ತಿದ್ದು ತಲೆಯಲ್ಲ, ಒಂದು ಪೊದೆ. ಮಂಚದ ಮೇಲೆ ದಿಂಬುಗಳಿಗೆ ಒರಗಿಸಿ ಕೂರಿಸಿದ್ದ ಕ್ಷೌರಿಕ ಅದನ್ನು ನೋಡಲಾರದೆ ನೋಡಿದ. ಆ ಮನುಷ್ಯನನ್ನು ಅವನು ಮನಸ್ಸಿನಲ್ಲಿ ಕರೆಯುತ್ತಿದ್ದದ್ದೇ ಪೊದೆ ಎಂದು. ಮೂವತ್ತು ದಾಟಿದ, ಓದಿಕೊಂಡ, ದೊಡ್ಡ ಆಸ್ಪತ್ರೆಯಲ್ಲಿ ಕೆಲಸವಿರುವ ಗಂಡಸು. ಎರಡು ಕಿವಿಯನ್ನೂ ಕೂದಲಲ್ಲಿ ಮುಚ್ಚಿಕೊಂಡು ಓಡಾಡುತ್ತಾನಲ್ಲ, ಇವನಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ಸಾಲದ್ದಕ್ಕೆ ಹಿಂದೆ ಜೋಡಿ ಸುಳಿ. ಜೋಡಿ ಸುಳಿಯ ತಲೆಯನ್ನು ಮೇಲಿನಿಂದ ಹಿಡಿದರೆ ಕೆಟ್ಟಿತು, ಕತ್ತಿನ ಹತ್ತಿರ ಶುರುಮಾಡಿ ಬಾಚಣಿಗೆ ಅಡ್ಡ ಹಿಡಿದು ಮೆಲ್ಲಗೆ ಹತ್ತಬೇಕು, ಸುಳಿಯ ಹತ್ತಿರ ಬಂದಾಗ ಅದು ತಿರುಗಿದತ್ತಲೇ ನಾವೂ ತಿರುಗಬೇಕು. ಮಂಚದ ಪಕ್ಕದಲ್ಲಿ ನಿಲ್ಲಿಸಿದ್ದ ಕಂಪ್ಯೂಟರ್ ಪರದೆ ಟಕ್ ಟಕ್ ಟಕ್ ಎಂದಿತು. "ಅಯ್ಯೋ ಶುರುವಾಯ್ತು ನೋಡಿ ಮತ್ತೆ," ಎಂದು ಪೊದೆ ಎದ್ದು ಬಂದು ಪರದೆಗೆ ಬಗ್ಗಿತು. ಪರದೆಯ ಮೇಲೆ 'ಗಗಠಣಮಮ' ಎಂದು ಯಾವ ಭಾಷೆಗೂ ಸೇರದ ಒಂದು ಮಾತು ನಿಂತಿತ್ತು. ಹೆಂಡತಿ ಅದನ್ನು ಓದಿ, ಗಂಡನ ಮುಖ ನೋಡಿ, ತಾನೇ ಹೋಗಿ ಫ್ರಿಜ್ಜಿನ ಪ್ಲಗ್ಗು ಹಾಕಿದಳು.

ಕ್ಷೌರಿಕನಿಗೆ ನಾಚಿಕೆಯಾಯಿತು. ಮಾತೇ ಬಂಡವಾಳವಾಗಿದ್ದ ಮನುಷ್ಯ ಅವನು. ಅವನ ಅಂಗಡಿಯಲ್ಲಿ ತಲೆ ಕೊಟ್ಟವರು ಕಿವಿಯನ್ನೂ ಕೊಡಬೇಕಿತ್ತು. ಊರಿನ ಸುದ್ದಿ, ಹವಾಮಾನ, ಬೀಗರ ಜಗಳ, ಬಕ್ಕತಲೆಗೆ ಇಲ್ಲದ ಔಷಧಿ, ಎಲ್ಲವೂ ಕತ್ತರಿಯ ಸದ್ದಿನ ಜೊತೆಗೆ ಅವನ ಬಾಯಿಂದ ಉದುರುತ್ತಿತ್ತು. ಅಂಥವನಿಗೆ ಒಂದು ಮಧ್ಯಾಹ್ನ, ಗಿರಾಕಿಯ ಕತ್ತಿಗೆ ಪೌಡರು ಹಾಕುತ್ತಿದ್ದಾಗ, ತಲೆಯ ಹಿಂಭಾಗದಲ್ಲಿ ಏನೋ ಒಡೆದ ಹಾಗಾಯಿತು. ಎಚ್ಚರವಾದಾಗ ಕೈಯಿಲ್ಲ, ಕಾಲಿಲ್ಲ, ನಾಲಿಗೆಯಿಲ್ಲ. ಎಲ್ಲವೂ ಇದ್ದ ಜಾಗದಲ್ಲೇ ಇದ್ದವು, ಒಂದೂ ಅವನ ಮಾತು ಕೇಳುತ್ತಿರಲಿಲ್ಲ. ಕೇಳುತ್ತಿದ್ದವು ಕಣ್ಣುಗಳು ಮಾತ್ರ. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಇಲ್ಲ. ಒಬ್ಬ ಮನುಷ್ಯನ ಸಂಸಾರವೆಲ್ಲ ಈ ಎರಡರೊಳಗೇ ನಡೆಯಬೇಕಿತ್ತು. ಈ ಚಳಿಗಾಲದಲ್ಲಿ ಆಸ್ಪತ್ರೆಯವರು ಕರೆಸಿಕೊಂಡು, ಮಿದುಳಿನ ಮೇಲೆ ಅಂಚೆಚೀಟಿಯಷ್ಟು ಅಗಲದ ತೆಳು ಹಾಳೆಯೊಂದನ್ನು ಅಂಟಿಸಿದರು. ಅಲ್ಲಿಂದ ತಂತಿಯೊಂದು ಚರ್ಮದ ಕೆಳಗೇ ಇಳಿದು ಎದೆಯಲ್ಲಿ ಹುದುಗಿಸಿದ ಡಬ್ಬಿಗೆ ಸೇರುತ್ತಿತ್ತು. ಕೈ ಅಲ್ಲಾಡದಿದ್ದರೆ ಬೇಡ, ಅಲ್ಲಾಡಿಸಬೇಕೆಂದು ಮನಸ್ಸು ಮಾಡಿದರೆ ಸಾಕು, ಹಾಳೆಗೆ ಗೊತ್ತಾಗುತ್ತದೆ, ಡಬ್ಬಿ ಪರದೆಗೆ ಸುದ್ದಿ ಮುಟ್ಟಿಸುತ್ತದೆ, ಪರದೆ ಟಕ್ ಎನ್ನುತ್ತದೆ. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದ ಸಾಲು ಬೆಳಗಿದಾಗ ಒಂದು ಟಕ್, ಆ ಸಾಲಿನಲ್ಲಿ ಬೇಕಾದ ಅಕ್ಷರ ಬೆಳಗಿದಾಗ ಇನ್ನೊಂದು ಟಕ್. ಆ ಶಸ್ತ್ರಚಿಕಿತ್ಸೆಗೆ ಮೊದಲು ಅವನ ತಲೆ ಬೋಳಿಸಿದ್ದು ವಾರ್ಡಿನ ಒಬ್ಬ ಆಳು. ಮೊಂಡು ಮೆಷಿನ್ನು, ಒಣ ತಲೆ, ಕಿವಿಯ ಹಿಂದೆ ಎರಡು ಕಡೆ ಗಾಯ. ಜೀವಮಾನವೆಲ್ಲ ಊರಿನ ತಲೆಗಳನ್ನು ಹೂವಿನ ಹಾಗೆ ಹಿಡಿದವನ ತಲೆಯನ್ನು ಆ ಪುಣ್ಯಾತ್ಮ ತೆಂಗಿನಕಾಯಿ ಸುಲಿದ ಹಾಗೆ ಸುಲಿದಿದ್ದ. ಮಿದುಳಿಗೆ ಕೈ ಹಾಕಿದ್ದಕ್ಕಿಂತ ಅದೇ ಅವನನ್ನು ಹೆಚ್ಚು ನೋಯಿಸಿತ್ತು.

ಆಸ್ಪತ್ರೆಯಲ್ಲಿ ಎಲ್ಲ ಚೆನ್ನಾಗಿಯೇ ನಡೆದಿತ್ತು. ಕೂದಲನ್ನೆಲ್ಲ ಹಸಿರು ಟೋಪಿಯೊಳಗೆ ತುರುಕಿಕೊಂಡ ನರ್ಸು ಪಕ್ಕದಲ್ಲಿ ನಿಂತು, "ಕೈಯಲ್ಲೊಂದು ರಬ್ಬರ್ ಚೆಂಡಿದೆ, ಹಿಸುಕ್ತಿದೀನಿ ಅಂದ್ಕೊಳ್ಳಿ ಯಜಮಾನ್ರೇ," ಎನ್ನುತ್ತಿದ್ದಳು. ಅವನು ಇಲ್ಲದ ಚೆಂಡನ್ನು ಹಿಸುಕಿ ಹಿಸುಕಿ 'ನೀರು' ಎಂದು ಬರೆದಾಗ ಟೋಪಿಯ ಡಾಕ್ಟರುಗಳೆಲ್ಲ ಚಪ್ಪಾಳೆ ತಟ್ಟಿದ್ದರು. ಇಷ್ಟು ವಯಸ್ಸಾದವನು ನೀರು ಎಂದದ್ದಕ್ಕೆ ಚಪ್ಪಾಳೆ. ಆದರೂ ಆ ರಾತ್ರಿ ಅವನು ಅತ್ತಿದ್ದು ಸಂತೋಷಕ್ಕೇ. ಮನೆಗೆ ಬಂದದ್ದೇ ತಡ, ಎಲ್ಲ ಎಕ್ಕುಟ್ಟಿಹೋಯಿತು. ಪೊದೆ ಪರದೆ ತಂದು ನಿಲ್ಲಿಸಿದ ದಿನದಿಂದ ಅದು ಕೇಳದಿದ್ದಾಗ ಟಕ್ ಎನ್ನುತ್ತಿತ್ತು, ಕೇಳಿದಾಗ ಎರಡೆರಡು ಸಲ ಎನ್ನುತ್ತಿತ್ತು. ಪೊದೆ ಫ್ಯಾನು ನಿಲ್ಲಿಸಿತು, ದೀಪ ಆರಿಸಿತು, ಪಕ್ಕದ ಮನೆಯವರ ಟೀವಿ ಆಫ್ ಮಾಡಿಸಿ ಬೈಸಿಕೊಂಡಿತು. ಕೆಟ್ಟವನಲ್ಲ ಪಾಪ, ಊಟದ ಹೊತ್ತು ಮೀರಿದರೂ ಬಿಸ್ಕತ್ತು ಕಡಿಯುತ್ತ ಅಲ್ಲೇ ಕೂತಿರುತ್ತಿದ್ದ. ಆದರೆ ಇವತ್ತು ಬೆಳಿಗ್ಗೆ ಬಾಗಿಲಲ್ಲೇ ಅವನ ಮುಖ ಸಣ್ಣಗಾಗಿತ್ತು. "ಇವತ್ತೂ ಹತೋಟಿಗೆ ಬರ್ಲಿಲ್ಲ ಅಂದ್ರೆ ಪರದೆ ವಾಪಸ್ ತಗೊಂಡು ಬಾ ಅಂದಿದಾರೆ ದೊಡ್ಡ ಡಾಕ್ಟ್ರು. ಇನ್ನೊಬ್ಬರು ಕಾಯ್ತಿದಾರಂತೆ. ಮುಂದೆ ನೋಡೋಣ ಅಂತಾರೆ," ಎಂದಿದ್ದ. ಮುಂದೆ ನೋಡೋಣ ಎಂದರೆ ಏನೆಂದು ಕ್ಷೌರಿಕನಿಗೆ ತಿಳಿಯದೇ? ಅಂಗಡಿಗೆ ಬಂದು ಜನ ನೋಡಿ ಬಾಗಿಲಲ್ಲೇ ಮುಂದೆ ನೋಡೋಣ ಎಂದ ಗಿರಾಕಿ ಯಾವತ್ತಾದರೂ ಮತ್ತೆ ಬಂದದ್ದುಂಟೇ?

ಅವನಿಗೆ ಬೇಕಾಗಿದ್ದದ್ದು ಇವತ್ತೇ. ಸಂಜೆ ಕಟ್ಟಡದ ಮಾಲೀಕ ಅಂಗಡಿಯ ಬೀಗದ ಕೈ ಇಸಿದುಕೊಳ್ಳಲು ಬರುತ್ತಾನೆ. ಕೊಡುವವಳು ಮಗಳು. ಅವಳು ಕೊಟ್ಟಳೆಂದರೆ ಮುಗಿಯಿತು, ನಾಳೆ ಅಲ್ಲಿ ಯಾವನೋ ಮೊಬೈಲ್ ರಿಪೇರಿಯವನು ಕುರ್ಚಿ ಕಿತ್ತುಹಾಕಿ ಮೇಜು ಜೋಡಿಸುತ್ತಾನೆ. ಅವಳು ಕೊಡುವುದಕ್ಕೆ ಮೊದಲು ಅವನು ಒಂದು ಮಾತು ಹೇಳಬೇಕಿತ್ತು. ಅದು ಒಂದು ಮಾತೂ ಅಲ್ಲ, ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಮಾತು. ಆಡಿದ್ದೂ ಎಲ್ಲಿ, ಕಣ್ಣು ಕೆಳಗೆ ಹಾಕಿದ್ದು. ಅಷ್ಟೇ. ಅಷ್ಟರಲ್ಲೇ ಒಂದು ಅಂಗಡಿಯ ಬಾಗಿಲು ಮುಚ್ಚಿಸಿದ್ದ. ಅವನು ಹಾಸಿಗೆ ಹಿಡಿದ ಮೇಲೆ ಮಗಳು ಯಾರನ್ನೂ ಕೇಳದೆ ಹೋಗಿ ಶಟರ್ ಎತ್ತಿದ್ದಳು. ಚಿಕ್ಕಂದಿನಿಂದ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದವಳು, ಬೊಂಬೆಗಳ ತಲೆಯೆಲ್ಲ ಕತ್ತರಿಸಿ ಅಮ್ಮನಿಂದ ಏಟು ತಿಂದವಳು. ಒಂದು ದಿನ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಕರೆದೊಯ್ದಳು. ಅಪ್ಪ, ನೀನು ನೋಡಬೇಕು, ಎಂದು. ದಾರಿಯುದ್ದಕ್ಕೂ ಅವನಿಗೆ ಹಿಗ್ಗು. ಅಂಗಡಿಯಲ್ಲಿ ರಿಟೈರಾದ ಮೇಷ್ಟ್ರು ಬಿಳಿ ಬಟ್ಟೆ ಹೊದ್ದು ಕೂತಿದ್ದರು, ಇನ್ನಿಬ್ಬರು ಬೆಂಚಿನ ಮೇಲೆ. ಅವಳು ಅವನನ್ನು ಕುರ್ಚಿಯ ಪಕ್ಕಕ್ಕೆ, ಕನ್ನಡಿಯ ಎದುರಿಗೆ ತಂದು ನಿಲ್ಲಿಸಿದಳು. ಅವನು ಮೊದಲು ನೋಡಿದ್ದು ಅವಳ ಕೈ. ಬಾಚಣಿಗೆ ಎತ್ತಿ, ಬೆರಳ ಮಧ್ಯೆ ಕೂದಲು ಹಿಡಿದು, ಗಾಳಿಯಲ್ಲಿ ಮೂರು ಖಾಲಿ ಕತ್ತರಿ, ಆಮೇಲೆ ಕೂದಲಿಗೆ ಒಂದು. ಅವನದೇ ಲೆಕ್ಕ. ಕತ್ತರಿ ನಿಂತರೆ ಗಿರಾಕಿ ಕಣ್ಣು ಬಿಡ್ತಾನೆ, ಕೂದಲಿಲ್ಲದಿದ್ರೂ ಗಾಳೀಲಿ ಆಡಿಸ್ತಿರಬೇಕು, ಎಂದು ಅವನೇ ಹೇಳಿಕೊಟ್ಟದ್ದು, ಅವಳು ಆಗ ಹಲ್ಲು ಬಿದ್ದ ಹುಡುಗಿ. ಆಹಾ ಎಂದುಕೊಳ್ಳುತ್ತಿದ್ದ ಹಾಗೇ ಕನ್ನಡಿಯಲ್ಲಿ ಅವಳ ಪಕ್ಕದಲ್ಲಿ ಇನ್ನೊಂದು ಮುಖ ಕಂಡಿತು. ಬಾಯಿ ಒಂದು ಕಡೆಗೆ ಜಾರಿ, ಗಲ್ಲದ ಮೇಲೆ ಜೊಲ್ಲು, ತಲೆಯ ಮೇಲೆ ಅವರಿವರು ಕತ್ತರಿಸಿದ ಅಡ್ಡಾದಿಡ್ಡಿ ಕೂದಲು. ಇವನ್ಯಾರು ಎನ್ನುವಷ್ಟರಲ್ಲಿ ಗೊತ್ತಾಯಿತು. ಆ ಕನ್ನಡಿಯಲ್ಲಿ ಸಾವಿರ ಮುಖಗಳನ್ನು ತಿದ್ದಿದವನು ಅವನು. ಆ ಹೊತ್ತಿಗೇ ಮೇಷ್ಟ್ರು ನಗುತ್ತಾ, "ಏನಯ್ಯಾ, ಮಗಳ ಕೈ ಹೇಗೆ? ಚೆನ್ನಾಗಿದೆ ತಾನೇ?" ಎಂದು ಕೇಳಬೇಕೇ! ಎಲ್ಲರೂ ಅವನ ಕಣ್ಣುಗಳನ್ನೇ ನೋಡಿದರು. ಅವನು ಕನ್ನಡಿಯಿಂದ ತಪ್ಪಿಸಿಕೊಳ್ಳಲು ಕಣ್ಣು ಕೆಳಗೆ ಹಾಕಿದ.

ತಪ್ಪಿಸಿಕೊಳ್ಳಲು ಮಾತ್ರವೇ? ದಿಂಬಿಗೆ ಒರಗಿ ಈ ಪ್ರಶ್ನೆಯನ್ನು ಎಷ್ಟು ಸಲ ತಿರುವಿ ಹಾಕಿದ್ದನೋ. ಕಣ್ಣು ಕೆಳಗೆ ಹೋದದ್ದು ಕನ್ನಡಿಗೆ ಹೆದರಿ, ನಿಜ. ಆದರೆ ಎಲ್ಲರೂ ಅದನ್ನು ಇಲ್ಲ ಎಂದು ಓದಿಕೊಂಡರೆಂದು ತಿಳಿದ ಮೇಲೆ ಮತ್ತೆ ಮೇಲೆತ್ತಬಹುದಿತ್ತಲ್ಲ? ಎತ್ತಲಿಲ್ಲ. ಅವಳು ಅಲ್ಲಿ ಅವನ ಜಾಗದಲ್ಲಿ, ಅವನ ಕತ್ತರಿ ಹಿಡಿದು, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಳು. ಅದು ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು, ಛೀ. ಅವಳು ಮೇಷ್ಟ್ರ ತಲೆ ಮುಗಿಸಿದಳು, ಕೂದಲು ಗುಡಿಸಿದಳು, ಬೆಂಚಿನ ಮೇಲಿದ್ದವರಿಗೆ ಇವತ್ತಿಗೆ ಸಾಕು ಎಂದಳು, ಶಟರ್ ಎಳೆದಳು. ಆಮೇಲೆ ಎತ್ತಲೇ ಇಲ್ಲ. ಈಗ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸಿ ಕೊಡುತ್ತಾಳೆ. ಮನೆಯಲ್ಲಿ ಅವನ ಹಾಸಿಗೆ ಸರಿಮಾಡುತ್ತಾಳೆ, ಕೊಳವೆಯಲ್ಲಿ ಆಹಾರ ಹಾಕುತ್ತಾಳೆ, ಬರ್ತೀನಪ್ಪ ಎಂದು ಬಾಗಿಲಲ್ಲಿ ನಿಂತು ಹೇಳುತ್ತಾಳೆ. ಆದರೆ ಅಕ್ಷರದ ಹಲಗೆ ಹಿಡಿದು ಅವನ ಕಣ್ಣ ಮುಂದೆ ಕೂರುವುದಿಲ್ಲ. ಅದು ಅಮ್ಮನ ಕೆಲಸ ಎನ್ನುತ್ತಾಳೆ.

ಅಮ್ಮನ ಕೆಲಸವೇ ಸರಿ. ಹೆಂಡತಿ ಹಲಗೆ ಹಿಡಿದು ಸಾಲಿನ ಮೇಲೆ ಬೆರಳಾಡಿಸುತ್ತಾಳೆ, ಅವನು ಕಣ್ಣೆತ್ತಿದಲ್ಲಿ ನಿಲ್ಲಿಸುತ್ತಾಳೆ. ಅವಳಷ್ಟು ಅವನನ್ನು ಬಲ್ಲವರಿಲ್ಲ, ತೊಂದರೆ ಆಗುತ್ತಿದ್ದದ್ದೂ ಅದರಿಂದಲೇ. ಅರ್ಧ ಪದಕ್ಕೇ ಉಳಿದರ್ಧ ತಾನೇ ಹೇಳಿಬಿಡುತ್ತಿದ್ದಳು. ಅವನು ಸೆಕೆ ಎನ್ನುವಷ್ಟರಲ್ಲಿ ಫ್ಯಾನು ತಿರುಗುತ್ತಿತ್ತು, ನೋವು ಎನ್ನುವಷ್ಟರಲ್ಲಿ ಮಗ್ಗುಲು ಬದಲಾಗುತ್ತಿತ್ತು. ಹೋದ ತಿಂಗಳು, ಬೀಗದ ಕೈಯ ಮಾತು ಬಂದ ದಿನ, ಅವನು ಗಟ್ಟಿ ಮನಸ್ಸು ಮಾಡಿ ಹಲಗೆಯ ಕಡೆ ನೋಡಿದ. ಮಗಳ ಅಂಗಡಿಯ ಮಾತು ಎತ್ತಬೇಕಿತ್ತು. ಒಂದೇ ಒಂದು ಅಕ್ಷರ ಮುಗಿದಿತ್ತು, ಹಣೆಯ ಮೇಲೆ ಬೆವರು ಬಂದಿತ್ತು. "ಅಯ್ಯೋ ನೆಂದೇಹೋಗಿದೀರಲ್ರೀ! ಅಂಗಿ ಬದಲಾಯಿಸ್ಲಾ?" ಎಂದು ಅವಳು ಕೇಳಿದಳು. ಮುಖದ ತುಂಬ ಅಕ್ಕರೆ. ಕೆಳಗೆ ನೋಡಿದ್ದರೆ ಮುಗಿಯುತ್ತಿತ್ತು, ಮತ್ತೆ ಮೊದಲಿನಿಂದ ಶುರುಮಾಡಬಹುದಿತ್ತು. ಅವನು ಮೇಲೆ ನೋಡಿದ. ಆಯಾಸ ಎಂದುಕೊಂಡ ಆಗ, ಆಯಾಸವಲ್ಲ, ಪುಕ್ಕಲುತನ. ಮಗಳ ಕ್ಷಮೆಯನ್ನು ಹೆಂಡತಿಯ ಬಾಯಲ್ಲಿ ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಅವಳು ಮೈಯೊರೆಸಿ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಗುಂಡಿ ಹಾಕಿ, "ಈಗ ನೋಡಿ ಎಷ್ಟು ಹಾಯಾಗಿದೆ," ಎಂದಳು. ಹೌದು ಎಂದು ಅವನು ಮತ್ತೆ ಮೇಲೆ ನೋಡಿದ. ಹೊಸ ಅಂಗಿಯೊಳಗೆ ಆ ದಿನವೆಲ್ಲ ಸುಡುತ್ತಾ ಕೂತಿದ್ದ.

ಮಧ್ಯಾಹ್ನ ಮಗಳು ಊಟಕ್ಕೆ ಬಂದಳು. ಹೊಸಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದಿಗೇ ಅವನ ಕಣ್ಣು ಬಾಗಿಲಿಗೆ ಹೋಯಿತು. ಬೀಗದ ಕೈ ಅವಳ ಕೈಯಲ್ಲೇ ಇತ್ತು, ಬೆರಳಿಗೆ ಸಿಕ್ಕಿಸಿಕೊಂಡಿದ್ದಳು. ಪೊದೆ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಕೊನೆಯ ಪ್ರಯತ್ನ ನಡೆಸಿತ್ತು. "ಚೆಂಡು ಯಜಮಾನ್ರೇ, ಚೆಂಡು. ನಾನು ಹೇಳಿದಾಗ ಮಾತ್ರ. ಬೇರೆ ಏನೂ ಯೋಚ್ನೆ ಮಾಡ್ಬೇಡಿ." ಬೇರೆ ಏನು ಯೋಚಿಸುತ್ತಾನೆ ಅವನು? ಚೆಂಡನ್ನೇ ನೆನೆಸಿಕೊಂಡ. ಕೆಂಪು ಚೆಂಡು, ಅಂಗೈಯಷ್ಟು. ಪೊದೆ ಅವನ ಮುಂದೆಯೇ ತಲೆ ತಗ್ಗಿಸಿ ಪರದೆಯ ಕೆಳಗಿನ ಗುಂಡಿ ಒತ್ತುತ್ತಿತ್ತು, ಕತ್ತಿನ ಮೇಲಿನ ಆ ಕೂದಲ ರಾಶಿ ಹಕ್ಕಿ ಬಿಟ್ಟುಹೋದ ಗೂಡಿನ ಹಾಗೆ ಅವನ ಮೂಗಿನ ತುದಿಗೇ ಬಂದಿತ್ತು. ಕೆಂಪು ಚೆಂಡು. ಅದ್ಯಾವ ಮಹಾನುಭಾವ ಕತ್ತರಿಸಿದ್ದನೋ ಕೊನೆಯ ಸಲ, ಎಡಕ್ಕೊಂದು ಬಲಕ್ಕೊಂದು. ಪರದೆ ಟಕ್ ಟಕ್ ಟಕ್ ಎಂದಿತು, ಒಂದಿಷ್ಟು ತಡೆದು ಟಕ್ ಎಂದಿತು. ಮತ್ತೆ ಟಕ್ ಟಕ್ ಟಕ್, ತಡೆದು ಟಕ್. "ಆಗಲ್ಲ," ಎಂದು ಪೊದೆ ಕುರ್ಚಿಗೆ ಒರಗಿತು. "ನನ್ನ ಕೈಲಿ ಇಷ್ಟೇ ಆಗೋದು. ಬೇಜಾರು ಮಾಡ್ಕೋಬೇಡಿ ಯಜಮಾನ್ರೇ." ಹೆಂಡತಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಅವನಿಗೆ ಎಲ್ಲ ಮುಗಿಯಿತೆನ್ನಿಸಿತು. ಸಂಜೆಯಾಗುತ್ತದೆ, ಬೀಗದ ಕೈ ಹೋಗುತ್ತದೆ, ಪರದೆ ಹೋಗುತ್ತದೆ. ಮಗಳ ಪಾಲಿಗೆ ಅವನು ಕಣ್ಣು ಕೆಳಗೆ ಹಾಕಿದ ಅಪ್ಪನಾಗಿಯೇ ಉಳಿಯುತ್ತಾನೆ.

ಮಗಳು ಮಾತ್ರ ಹೊಸಿಲಲ್ಲೇ ನಿಂತುಬಿಟ್ಟಿದ್ದಳು. ಅವಳ ಬಲಗೈಯ ಹೆಬ್ಬೆರಳು ಮತ್ತು ಉಂಗುರದ ಬೆರಳು ತಮ್ಮಷ್ಟಕ್ಕೆ ಆಡುತ್ತಿದ್ದವು. ಅವನು ಅದನ್ನು ಕಂಡ. ಅವಳು, "ಸ್ವಲ್ಪ ಎದ್ದು ಅಡಿಗೆಮನೆಗೆ ಹೋಗ್ತೀರಾ?" ಎಂದಳು ಇಂಜಿನಿಯರಿಗೆ.

"ನಾನಾ? ಯಾಕೆ?"

"ಹೋಗಿ ಅಂದೆ."

ಅವನು ಹೋದ. ಪರದೆ ಸುಮ್ಮನಾಯಿತು. ಅದು ಬೆಳಗಿಸುತ್ತಿದ್ದ ಸಾಲುಗಳು ಒಂದಾದ ಮೇಲೊಂದು ನಿಶ್ಶಬ್ದವಾಗಿ ಹಾದುಹೋದವು. "ಈಗ ಬನ್ನಿ. ಆ ಕುರ್ಚಿಗೆ ಕೂತು ತಲೆ ಬಗ್ಗಿಸಿ." ಟಕ್ ಟಕ್ ಟಕ್. ಟಕ್. ಹೆಂಡತಿ ಬಾಯಿ ತೆರೆದು ನಿಂತಳು. ಮಗಳ ಮುಖದಲ್ಲಿ ನಗುವೋ ಅಳುವೋ ಒಂದು ಹೊರಟು ಬರುತ್ತಿತ್ತು. "ನಿಮ್ಮ ಮೆಷಿನ್ನಿಗೆ ಏನೂ ಆಗಿಲ್ಲ," ಎಂದಳು. "ಅಪ್ಪ ನಿಮಗೆ ಕಟಿಂಗ್ ಮಾಡ್ತಿದಾರೆ. ಮೂರು ಖಾಲಿ, ಒಂದು ಕೂದ್ಲಿಗೆ. ಕೇಳಿ ಬೇಕಾದ್ರೆ."

ಪೊದೆ ತಲೆ ಮುಟ್ಟಿಕೊಂಡಿತು. ಮತ್ತೆ ಅವನನ್ನು ನೋಡಿತು. ಅವನಿಗೆ ಬೇರೆಯವರ ಜೇಬಿಗೆ ಕೈಹಾಕಿ ಸಿಕ್ಕಿಬಿದ್ದವನ ಹಾಗಾಯಿತು. ತಾನು ಕತ್ತರಿ ಆಡಿಸುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಉಸಿರಾಡುವವನಿಗೆ ಉಸಿರು ಗೊತ್ತಾಗುತ್ತದೆಯೇ? ತಲೆ ಕಂಡಾಗೆಲ್ಲ ಕೈ ಕೆಲಸ ಮಾಡುತ್ತಿತ್ತು. ಕೈ ಸತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ಕೈಗೆ ಯಾರೂ ಹೇಳಿರಲಿಲ್ಲ. "ಹೌದೇನ್ರೀ?" ಎಂದಳು ಹೆಂಡತಿ. ಅವನು ನಾಚಿಕೆಯಿಂದ ಮೆಲ್ಲಗೆ ಮೇಲೆ ನೋಡಿದ. ಇಂಜಿನಿಯರು ಮೊದಲು ಒಂದು ಸಣ್ಣ ಸದ್ದು ಮಾಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಅಯ್ಯೋ ದೇವ್ರೇ! ಫ್ರಿಜ್ಜು ಅಂದೆ, ಟೀವಿ ಅಂದೆ, ನನ್ನ ತಲೆ ನಾನೇ ನೋಡ್ಕೊಳ್ಲಿಲ್ಲ. ಆಸ್ಪತ್ರೇಲಿ ಎಲ್ರಿಗೂ ಟೋಪಿ, ಅದಕ್ಕೇ ಅಲ್ಲಿ ಸುಮ್ನಿದ್ರು ನೀವು!" ಎಂದು ಕಣ್ಣೊರೆಸಿಕೊಂಡ. ತಕ್ಷಣ ಅವನ ಮುಖ ಗಂಭೀರವಾಯಿತು. "ಹಾಗಾದ್ರೆ ಚೆಂಡು ಬೇಡವೇ ಬೇಡ. ಇಷ್ಟು ಗಟ್ಟಿಯಾಗಿ ಬರ್ತಿರೋ ಕತ್ತರೀನ ಬಿಟ್ಟು ಚೆಂಡು ಯಾರಿಗೆ ಬೇಕು? ಆದ್ರೆ ಇದು ಕತ್ತರಿ ಅಂತ ಮೆಷಿನ್ನಿಗೆ ಮೊದಲಿಂದ ಕಲಿಸ್ಬೇಕು. ಇವರ ಕಣ್ಣ ಮುಂದೆ ಯಾರಾದ್ರೂ ನಿಜವಾಗಿ ಕಟಿಂಗ್ ಮಾಡಿದ್ರೆ, ಆ ಕೈ ಜೊತೆ ಇವರ ಕೈಯೂ ಓಡುತ್ತೆ, ನಾನು ಹೊಂದಿಸಿಬಿಡ್ತೀನಿ. ತಲೆ ಇಲ್ಲೇ ಇದೆ." ಅವನು ಮಗಳ ಕಡೆ ತಿರುಗಿದ. "ಕತ್ತರಿ ಇದೆಯಾ ಮನೇಲಿ?"

ಕತ್ತರಿ ಇತ್ತು. ಹಿಂದಿನ ದಿನವೇ ಅವಳು ಅಂಗಡಿಯಿಂದ ಸಾಮಾನಿನ ಡಬ್ಬಿ ತಂದು ಕಪಾಟಿನ ಮೇಲಿಟ್ಟಿದ್ದಳು, ಅವನು ಮಂಚದಿಂದಲೇ ನೋಡಿದ್ದ. ಅವಳು ಡಬ್ಬಿಯ ಕಡೆ ನೋಡಲಿಲ್ಲ. "ನಾನು ಕತ್ತರಿ ಮುಟ್ಟಲ್ಲ," ಎಂದಳು. "ನನ್ನ ಕೈ ಚೆನ್ನಾಗಿಲ್ಲ. ಹೇಳೋರೇ ಹೇಳಿದಾರೆ." ಅವನು ಮೇಲೆ ನೋಡಿದ. ಹೆಂಡತಿ, "ಏನ್ರೀ? ಫ್ಯಾನಾ? ತಲೆನೋವಾ?" ಎಂದಳು. ಅವನು ಅವಳ ಕಡೆ ತಿರುಗಲಿಲ್ಲ. ಮಗಳ ಮುಖಕ್ಕೆ ಒಮ್ಮೆ, ಮೇಲಕ್ಕೆ ಒಮ್ಮೆ, ಮತ್ತೆ ಮಗಳಿಗೆ, ಮತ್ತೆ ಮೇಲಕ್ಕೆ. ಕಣ್ಣಿನ ಬುಡ ನೋಯುವಷ್ಟು ಮೇಲಕ್ಕೆ, ಹಣೆಯೊಳಗೇ ಹೋಗಿಬಿಡುವಷ್ಟು. ಹೌದು, ಹೌದು, ಹೌದು ಕಣೇ. ಅವಳು ಕೊನೆಗೆ ಡಬ್ಬಿಯ ಕಡೆ ನೋಡಿ, "ನಾನು ಹಿಡೀಬೇಕಾ ಅಪ್ಪ?" ಎಂದಳು. ಅವನು ಕಣ್ಣು ಇಳಿಸದೆ ಹಾಗೇ ಇದ್ದ, ಮೂಲೆಯಿಂದ ನೀರು ಕಿವಿಯವರೆಗೆ ಹರಿಯಿತು. ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಡಬ್ಬಿ ಇಳಿಸಿದಳು.

ಹಳೆಯ ಹೊದಿಕೆಯೊಂದನ್ನು ಇಂಜಿನಿಯರಿನ ಕೊರಳಿಗೆ ಸುತ್ತಿದಳು. ಅವನು ಮಡಿಲಲ್ಲಿ ಯಂತ್ರದ ಗುಂಡಿಗಳನ್ನಿಟ್ಟುಕೊಂಡು, "ಕಿವಿ ಜೋಪಾನ," ಎಂದ. "ಕಿವಿ ಎಲ್ಲಿದೆ ಅಂತ ಮೊದ್ಲು ಹುಡುಕ್ಬೇಕು," ಎಂದಳು ಅವಳು. ಆ ಮಾತು ಅಪ್ಪನದೇ, ಅಂಗಡಿಯಲ್ಲಿ ದಿನಕ್ಕೊಮ್ಮೆ ಆಡುತ್ತಿದ್ದದ್ದು. ಕತ್ತಿನ ಹತ್ತಿರವೇ ಶುರುಮಾಡಿದಳು. ಮೂರು ಖಾಲಿ, ಒಂದು ಕೂದಲಿಗೆ. ಅವನೂ ಹಿಡಿದ. ಮಂಚದ ಮೇಲೆ ಸತ್ತ ಹಾಗೆ ಬಿದ್ದಿದ್ದ ಕೈ ಒಳಗೊಳಗೇ ಎದ್ದು ಅವಳ ಕೈಯ ಮೇಲೆ ಕೂತಿತು. ಇಬ್ಬರೂ ಹತ್ತಿದರು. ಅವಳ ಕತ್ತರಿ ಕಚಕ್ ಎಂದಾಗ ಪರದೆ ಟಕ್ ಎಂದಿತು. ಮೊದಮೊದಲು ಒಂದಿಷ್ಟು ಹಿಂದೆ ಮುಂದೆ, ಆಮೇಲೆ ಎರಡಕ್ಕೂ ಒಂದೇ ಸದ್ದು. ಹೊರಗೆ ಯಾರದೋ ಸೈಕಲ್ ಗಂಟೆ ಟ್ರಿಣ್ ಎಂದಿತು, ಕಿಟಕಿಯ ಬಿಸಿಲು ನೆಲದ ಮೇಲೆ ಉದುರಿದ ಕೂದಲಿನ ಮೇಲೆ ಬಿತ್ತು, ಹಲ್ಲು ಬಿದ್ದ ಹುಡುಗಿ ಸ್ಟೂಲಿನ ಮೇಲೆ ಕಾಲಾಡಿಸುತ್ತಾ, ನಾನೂ ಮಾಡ್ಲಾ ಅಪ್ಪ, ಎಂದಳು. ಮಾಡು ಪುಟ್ಟೀ, ಬೆರಳು ಜೋಪಾನ. ಜೋಡಿ ಸುಳಿ ಬಂತು. ಅವಳು ತಡವರಿಸಲಿಲ್ಲ, ಅದು ತಿರುಗಿದತ್ತಲೇ ತಿರುಗಿದಳು. ಭಲೇ, ಎಂದುಕೊಂಡ. ಆ ಎಡಗಡೆಯೊಂದು ಬಿಟ್ಟಳು. ಚಿಕ್ಕಂದಿನಿಂದ ಅವಳಿಗೆ ಎಡಗಡೆ ಕಾಣುವುದೇ ಇಲ್ಲ.

"ಸಾಕು ಸಾಕು, ಸಿಕ್ತು," ಎಂದು ಇಂಜಿನಿಯರು ಹೊದಿಕೆಯೊಳಗಿಂದಲೇ ಕೈಯೆತ್ತಿದ. ಟವೆಲೊಂದನ್ನು ತಲೆಗೆ ಸುತ್ತಿಕೊಂಡು, ಇನ್ನು ನನ್ನ ತಲೆ ತಂಟೆಗೆ ಬರಬೇಡಿ ಎಂದು ಕೈಮುಗಿದು, ಪರದೆಯನ್ನು ಮತ್ತೆ ಶುರುಮಾಡಿದ. ಸಾಲುಗಳು ಬೆಳಗುತ್ತಾ ಬಂದವು. ಕ್ಷೌರಿಕ ಎಷ್ಟೋ ತಿಂಗಳು ಮನಸ್ಸಿನಲ್ಲೇ ಬರೆದು ತಿದ್ದಿ ಬರೆದು ಒಂದು ದೊಡ್ಡ ಭಾಷಣ ಕಟ್ಟಿಟ್ಟುಕೊಂಡಿದ್ದ. ಅದರಲ್ಲಿ ಕ್ಷಮೆ ಇತ್ತು, ವಾತ್ಸಲ್ಯ ಇತ್ತು, ಬದುಕಿನ ಬಗ್ಗೆ ಎರಡು ಘನವಾದ ಮಾತುಗಳಿದ್ದವು. ಬೇಕಾದ ಸಾಲು ಬಂದಾಗ ಒಂದು ಖಾಲಿ ಕತ್ತರಿ ಆಡಿಸಿದ. ಟಕ್. ನಿಂತಿತು. ಇನ್ನೊಂದು ಟಕ್, ಅಕ್ಷರ ಕೆಳಗಿಳಿದು ಕೂತಿತು. ಹೆಂಡತಿ ಹತ್ತಿರ ಬಂದು, "ಎ... ಎದೆ? ಎದೆ ನೋವೇನ್ರೀ?" ಎಂದಳು. ಮಗಳು ಅಮ್ಮನ ತೋಳು ಹಿಡಿದಳು. ಪರದೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು, ಅದಕ್ಕೆ ಅವಸರವಿರಲಿಲ್ಲ, ಅರ್ಧ ಕೇಳಿ ಪೂರ್ತಿ ಗೊತ್ತಾಯಿತು ಎನ್ನುವ ಅಕ್ಕರೆ ಅದಕ್ಕೆ ಇರಲಿಲ್ಲ. ಅವನು ಮುಗಿಸಿದಾಗ ಪರದೆಯ ಮೇಲಿದ್ದದ್ದು ಇಷ್ಟು: ಎಡಗಡೆ ಉದ್ದ.

ಮಗಳು ಓದಿದಳು. ಇಂಜಿನಿಯರಿನ ಟವೆಲು ಸರಿಸಿ ಎಡಗಡೆ ನೋಡಿದಳು. "ಅಯ್ಯೋ ಹೌದಪ್ಪ," ಎಂದು ಕುಸಿದು ಮಂಚದ ಅಂಚಿಗೆ ಕೂತು, ಕತ್ತರಿ ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡು ನಕ್ಕಳು, ಆ ನಗು ನಡುವೆಯೇ ಅಳುವಾಯಿತು. ಪರದೆ ಮತ್ತೆ ಟಕ್ ಎಂದಿತು. ಈ ಸಲ ಹೆಂಡತಿ ಬಾಯಿ ತೆರೆದವಳು ತಾನೇ ಅಂಗೈಯಿಂದ ಮುಚ್ಚಿಕೊಂಡಳು. ಅಕ್ಷರದಿಂದ ಅಕ್ಷರಕ್ಕೆ ಅವಳ ಕಣ್ಣು ಹೋಗುತ್ತಿತ್ತು, ಉತ್ತರ ಗೊತ್ತಿಲ್ಲದ ಮಗುವಿನ ಹಾಗೆ ಕಾದಳು. ಮದುವೆಯಾದಂದಿನಿಂದ ಅವಳು ಅವನ ಮಾತಿಗೆ ಹೀಗೆ ಕಾದದ್ದೇ ಇರಲಿಲ್ಲ. ಅವತ್ತೂ ಕೈ ಚೆನ್ನಾಗಿತ್ತು, ಎಂದು ಬಂತು.

ಮಗಳು ಅದನ್ನು ಎರಡು ಸಲ ಓದಿಕೊಂಡಳು. "ಮತ್ತೆ ಯಾಕಪ್ಪ ಇಲ್ಲ ಅಂದೆ?" ಅವಳ ದನಿಯಲ್ಲಿ ಸಿಟ್ಟಿತ್ತು, ಅಷ್ಟು ದಿನ ಬಾಗಿಲಲ್ಲಿ ನಿಲ್ಲಿಸಿಟ್ಟಿದ್ದ ಸಿಟ್ಟು. ಆ ಸಿಟ್ಟು ಅವನಿಗೆ ಹಿತವಾಯಿತು. ಇನ್ನೊಬ್ಬ ಮನುಷ್ಯನ ಮೇಲೆ ಮಾಡಿಕೊಳ್ಳುವ ಸಿಟ್ಟು, ರೋಗಿಯ ಮೇಲಲ್ಲ. ಅವನಿಗೆ ಉತ್ತರ ಕೊಡಲು ಬಹಳ ಹೊತ್ತು ಹಿಡಿಯಿತು. ಒಂದು ಕಡೆ ತಪ್ಪಿ, ಅಳಿಸಿ, ಮತ್ತೆ ಬರೆದ. ಮಧ್ಯೆ ಇಂಜಿನಿಯರು ಕೆಮ್ಮು ಬಂದರೂ ತಡೆದುಕೊಂಡ. ಕನ್ನಡೀಲಿ ನನ್ನ ಮುಖ ನೋಡ್ಕೊಂಡೆ. ಹೊಟ್ಟೆಕಿಚ್ಚಾಯ್ತು. ತಪ್ಪು ನಂದು. ಭಾಷಣದಲ್ಲಿ ಉಳಿದದ್ದು ಇಷ್ಟೇ, ಘನವಾದ ಎರಡು ಮಾತು ಎಲ್ಲಿ ಹೋದವೋ ಅವನಿಗೇ ನೆನಪಾಗಲಿಲ್ಲ. ಮಗಳು ಕರವಸ್ತ್ರ ತೆಗೆದು ಅವನ ಗಲ್ಲ ಒರೆಸಿ, ಅವನ ತಲೆಯ ಮೇಲೆ ಚಿಗುರುತ್ತಿದ್ದ ಕೂದಲಿನ ಮೇಲೆ, ಕಿವಿಯ ಹಿಂದೆ ಗಾಯ ಮಾಸಿದ ಜಾಗದ ಮೇಲೆ, ಬೆರಳಾಡಿಸಿ ನೋಡಿದಳು. ಕಸಬಿನವರು ನೋಡುವ ಹಾಗೆ. "ಯಾವ ಕತ್ತೆ ಬೋಳಿಸಿದ್ದು ಇದನ್ನ?" ಎಂದಳು.

ಬಾಗಿಲು ಬಡಿದ ಸದ್ದಾದಾಗ ಬಿಸಿಲು ಗೋಡೆ ಹತ್ತಿತ್ತು. ಕಟ್ಟಡದ ಮಾಲೀಕ. ಎಲ್ಲರೂ ಮೇಜಿನ ಮೇಲಿದ್ದ ಬೀಗದ ಕೈ ನೋಡಿದರು. ಮಗಳು ಎತ್ತಿಕೊಂಡಳು, ಆದರೆ ಹೆಜ್ಜೆ ಇಡಲಿಲ್ಲ, ಪರದೆಯ ಕಡೆ ತಿರುಗಿ ನಿಂತಳು. "ಬಂದೇ, ಒಂದ್ನಿಮಿಷ!" ಎಂದು ಹೆಂಡತಿ ಕೂಗಿದಳು. ಟಕ್ ಟಕ್. ಸಾಲುಗಳು ಇಷ್ಟು ನಿಧಾನ ಎಂದು ಅವನಿಗೆ ಆವರೆಗೆ ಅನ್ನಿಸಿರಲಿಲ್ಲ. ಬಾಗಿಲು ಮತ್ತೆ ಬಡಿಯಿತು. ಬಡಿಯಲಿ ಬಿಡು. ಅಂಗಡಿಯಲ್ಲಿ ಎಂಥ ಗಿರಾಕಿ ಅವಸರ ಮಾಡಿದರೂ ಅವನು ಕಿವಿಯ ಹತ್ತಿರ ಅವಸರ ಮಾಡಿದವನಲ್ಲ. ಶಟರ್ ಎತ್ತು, ಎಂದು ಪರದೆಯ ಮೇಲೆ ನಿಂತಿತು.

ಮಗಳು ಮುಷ್ಟಿ ಮುಚ್ಚಿಕೊಂಡಳು. ಅಮ್ಮನ ಮುಖ ನೋಡಿದಳು. ಹೆಣ್ಣುಮಗಳು ದಿನವಿಡೀ ನಿಂತು ಕಂಡವರ ತಲೆ ಹಿಡಿಯುವುದು ಅಮ್ಮನಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ, ಅವನು ಅವತ್ತು ಕಣ್ಣು ಕೆಳಗೆ ಹಾಕಿದಾಗ ಮನೆಯಲ್ಲಿ ಸಮಾಧಾನಪಟ್ಟವಳು ಅವಳೊಬ್ಬಳೇ. ಹೆಂಡತಿ ಪರದೆಯನ್ನು ಇನ್ನೊಮ್ಮೆ ಓದಿದಳು. ಕೂದಲು ಸರಿಮಾಡಿಕೊಂಡು ಬಾಗಿಲಿಗೆ ಹೋದಳು. ಅವನಿಗೆ ದನಿ ಮಾತ್ರ ಕೇಳಿಸುತ್ತಿತ್ತು. "ಇಲ್ಲ, ಬೀಗದ ಕೈ ಕೊಡಲ್ಲ. ನಾಳೆಯಿಂದ ಅಂಗಡಿ ನಡೆಯುತ್ತೆ," ಎನ್ನುತ್ತಿದ್ದಳು. "ಇದೇನಮ್ಮಾ ಈಗ ಹೊಸದಾಗಿ? ಆ ಮೊಬೈಲಿನವನಿಗೆ ನಾನೇನು ಹೇಳ್ಲಿ? ಯಾರು ಹೇಳಿದ್ದು ನಡೆಯುತ್ತೆ ಅಂತ?"

"ನಮ್ಮನೆಯವ್ರು ಹೇಳಿದ್ರು."

"ಅವ್ರಿಗೆಲ್ಲಮ್ಮಾ ಮಾತು? ನೀವೇ ಅವ್ರ ಪರವಾಗಿ..."

"ನಾನಲ್ಲ," ಎಂದಳು ಹೆಂಡತಿ. ಅವಳ ದನಿಯಲ್ಲಿ ಅಷ್ಟು ಜಂಬವನ್ನು ಅವನು ಕೇಳಿದ್ದು ಅದೇ ಮೊದಲು. "ಅವ್ರೇ ಹೇಳಿದ್ರು. ನಾನು ಒಂದಕ್ಷರ ಸೇರಿಸಿಲ್ಲ."

ಮಾಲೀಕ ಗೊಣಗುತ್ತಾ ಮೆಟ್ಟಿಲಿಳಿದ. ಇಂಜಿನಿಯರು ಕನ್ನಡಿಯ ಮುಂದೆ ನಿಂತು, ಅರ್ಧ ತಲೆ ಇಟ್ಟುಕೊಂಡು ಆಸ್ಪತ್ರೆಗೆ ಹೋದರೆ ಪರದೆಯ ಬದಲು ನನ್ನನ್ನೇ ವಾಪಸ್ ಕಳಿಸುತ್ತಾರೆ ಎಂದು ಗೋಳಾಡುತ್ತಿದ್ದ. "ಅಂಗಡೀಲಿ ಮುಗಿಸ್ತೀನಿ ಬನ್ನಿ, ಅಲ್ಲಿ ಬೆಳಕು ಚೆನ್ನಾಗಿದೆ," ಎಂದು ಮಗಳು ಡಬ್ಬಿ ಎತ್ತಿಕೊಂಡಳು. ಹೆಂಡತಿ ಒಳಗೆ ಬಂದು ಪರದೆಯ ಮುಂದೆ, ನೆಲದ ಮೇಲೆ, ಉದುರಿದ ಕೂದಲನ್ನೂ ಲೆಕ್ಕಿಸದೆ ಕೂತಳು. ಪರದೆ ಟಕ್ ಎನ್ನುತ್ತಿತ್ತು. ಅವಳು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ತುಟಿ ಬಿಗಿಹಿಡಿದು, ಕೊನೆಯ ಅಕ್ಷರದವರೆಗೂ ಕಾದಳು.

ಅಂಗಿ ಬದಲಾಯಿಸು. ನಾನೂ ಹೋಗ್ಬೇಕು.